ಹಳದಿ ವೈರಿನಲ್ಲಿ ಬರುವವರು

ರೋಣದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ ಇತ್ತು. ಇತ್ತು ಏನು, ಈಗಲೂ ಇದೆ. ಕುರ್ಚಿಯಲ್ಲಿ ಕೂರುವವರು ಬದಲಾಗಿದ್ದಾರೆ ಅಷ್ಟೆ. ಕಣ್ಣು ಮಂಜಾಗಿ, ಏಣಿ ಕಂಡರೆ ಮೊಣಕಾಲು ಹಟ ಹಿಡಿಯತೊಡಗಿದ ಮೇಲೆ ಅಂಗಡಿಯನ್ನು ತಂಗಿಯ ಮಗಳು ಸಲ್ಮಾಳಿಗೆ ಬಿಟ್ಟುಕೊಟ್ಟೆ. ಅವಳು ಐಟಿಐ ಮುಗಿಸಿದವಳು. ಸ್ಕೂಟಿಯ ಮುಂದೆ ಸಾಮಾನಿನ ಚೀಲ ಇಟ್ಟುಕೊಂಡು ನರಗುಂದ, ಗಜೇಂದ್ರಗಡದವರೆಗೂ ಹೋಗಿಬರುತ್ತಾಳೆ. ನಾನು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು, ಬಂದವರಿಗೆ "ಒಳಗ ಹೋಗ್ರಿ, ಮೆಕ್ಯಾನಿಕ್ ಒಳಗದಾಳ" ಎಂದು ಹೇಳುವ ಕೆಲಸ ಮಾಡುತ್ತೇನೆ. ಈ ಕೆಲಸ ನನಗೆ ಚೆನ್ನಾಗಿ ಒಗ್ಗಿದೆ.

ಮೊನ್ನೆ ಸಲ್ಮಾ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತಳು. "ಮಾಮೂ, ಕಟ್ಟಿ ಮ್ಯಾಲ ಕುಂತು ಬಂದವರಿಗೆಲ್ಲಾ ಹೇಳ್ತೀರಲ್ಲ ಆ ಕತಿಗೋಳು, ಅವನ್ನ ಒಂದು ಕಡೆ ಬರದಿಡ್ರಿ. ಈ ಕೆಲಸಕ್ಕ ಬರೋರು ಓದ್ಲಿ," ಎಂದಳು.

"ಓದಿ ಏನ್ ಮಾಡ್ತಾರ? ಎಲ್ಲಾ ಫೋನಿನ್ಯಾಗ ಐತಿ," ಎಂದೆ.

"ವೈರ್ ಹ್ಯಾಂಗ ಹಚ್ಚಬೇಕು ಅನ್ನೂದು ಫೋನಿನ್ಯಾಗ ಐತ್ರಿ. ಮನಿಯೊಳಗ ಹ್ಯಾಂಗ ಹೋಗಬೇಕು ಅನ್ನೂದು ಎಲ್ಲೈತಿ?"

ಹುಡುಗಿ ಮಾತಿನಲ್ಲಿ ಚುರುಕು. ನನ್ನ ಕಾಗೆ ಕಾಲಿನ ಅಕ್ಷರ ನೋಡಿ ನಗಬಾರದು ಎಂದು ಅವಳಿಂದ ಮಾತು ತೆಗೆದುಕೊಂಡು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಇಮಾಮಸಾಬ. ಸುತ್ತಲಿನ ಹಳ್ಳಿಗಳಲ್ಲಿ ಟಿವಿ ಇಮಾಮಣ್ಣ ಎಂದರೇ ಗುರುತು. ಟಿವಿಯಲ್ಲಿ ಚಿತ್ರ ಬರದಿದ್ದಾಗ ಜನ ನನ್ನನ್ನು ಕರೆಯುತ್ತಿದ್ದರು. ಚಿತ್ರ ಇಲ್ಲದ ಟಿವಿ ಇರುವ ಮನೆ ಹೇಗಿರುತ್ತದೆ ಎಂದು ನನಗಿಂತ ಹೆಚ್ಚು ನೋಡಿದವರು ಈ ಭಾಗದಲ್ಲಿ ಯಾರೂ ಇರಲಿಕ್ಕಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಹಗುರ ಕೆಲಸ. ಟಿವಿ ಬಂದ್ ಆದರೆ ಯಾರ ಪ್ರಾಣವೂ ಹೋಗುವುದಿಲ್ಲ, ನಿಜ. ಆದರೆ ಅಸೂಟಿ ಎಂಬ ಹಳ್ಳಿಯಲ್ಲಿ ಒಂದು ಮಧ್ಯಾಹ್ನ, ರೇಣುಕಾ ಎಂಬ ಹುಡುಗಿ ಆಟ ಮುಂದುವರಿಸಬೇಕೋ, ಆಟ ಬಿಟ್ಟು ಮದುವೆಯಾಗಬೇಕೋ ಎಂಬ ಮಾತು ಒಂದು ಟಿವಿಯ ಚಿತ್ರದ ಮೇಲೆ ಬಂದು ನಿಂತಿತ್ತು. ಅದನ್ನು ಹೇಳಬೇಕೆಂದೇ ಇದೆಲ್ಲ ಬರೆಯುತ್ತಿರುವುದು. ಅಲ್ಲಿಗೆ ಹೋಗುವ ಮುಂಚೆ ನಾನು ಕಲಿತದ್ದು ಹೇಗೆ ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆವತ್ತು ನಾನೇಕೆ ಚಹಾ ಕೇಳಿದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ನನಗೆ ಕೆಲಸ ಕಲಿಸಿದವರು ಶಂಕ್ರಪ್ಪ ಮಾಲಕರು. ಅಂಗಡಿ ಮೊದಲು ಅವರದೇ. ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ, ಮೂಗಿನ ತುದಿಯಲ್ಲಿ ಸಿಟ್ಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುತ್ತಿದ್ದೆ. ಅದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಲೇ ಇಮಾಮಾ, ನೀ ಟಿವಿ ರಿಪೇರಿಗೆ ಬಂದೀಯೋ, ಕೋಳಿ ಕೊಯ್ಯಾಕ ಬಂದೀಯೋ? ಮೊದಲ ಕೂಡ್ರು. ಚಾ ಕೊಟ್ರ ಕುಡಿ. ಆ ಮ್ಯಾಲ ಕೈ ಹಚ್ಚು," ಎನ್ನುತ್ತಿದ್ದರು. ಅವರಿಗೆ ಚಹಾದ ಚಟ ಎಂದು ನಾನು ತಿಳಿದಿದ್ದೆ. ಪೇಟೆಯಲ್ಲಿ ಬೇರೆ ಅಂಗಡಿಯವರು ನಮ್ಮನ್ನು ಚಹಾ ಮೆಕ್ಯಾನಿಕ್‌ಗಳು ಎಂದೇ ಆಡಿಕೊಳ್ಳುತ್ತಿದ್ದರು.

ಚಹಾದ ಗುಟ್ಟು ತಿಳಿದದ್ದು ನರಗುಂದದಲ್ಲಿ. ಅಲ್ಲೊಬ್ಬ ಬಟ್ಟೆ ವ್ಯಾಪಾರಿಯ ಮನೆಗೆ ನನ್ನೊಬ್ಬನನ್ನೇ ಮೊದಲ ಸಲ ಕಳಿಸಿದ್ದರು. ದೊಡ್ಡ ಮನೆ, ದೊಡ್ಡ ಟಿವಿ, ಪರದೆ ತುಂಬ ನೀಲಿ ಬಣ್ಣ. "ಏನಾರ ಮಾಡೀರೇನ್ರಿ?" ಎಂದು ಕೇಳಿದೆ. "ಏನೂ ಮಾಡಿಲ್ರಿ, ತಾನ ಹೋತು," ಎಂದು ಮನೆಮಂದಿಯೆಲ್ಲ ಒಂದೇ ಬಾಯಲ್ಲಿ ಹೇಳಿದರು. ವ್ಯಾಪಾರಿಯ ಹೆಂಡತಿ ಚಹಾಕ್ಕೆ ಇಟ್ಟಿದ್ದೇನೆ ಎಂದರೂ ಬೇಡವೆಂದು ಸೀದಾ ಮಾಳಿಗೆ ಹತ್ತಿದೆ. ಉರಿಬಿಸಿಲಲ್ಲಿ ಡಿಶ್ ಅನ್ನು ಈ ಕಡೆ ತಿರುಗಿಸಿ "ಬಂತಾ?" ಎಂದು ಕೂಗುವುದು, ಕೆಳಗಿನಿಂದ "ಇಲ್ರೀ" ಎಂಬ ಉತ್ತರ. ಆ ಕಡೆ ತಿರುಗಿಸುವುದು, ಮತ್ತೆ "ಇಲ್ರೀ". ನರಗುಂದದ ಗುಡ್ಡವೊಂದನ್ನು ಬಿಟ್ಟು ಉಳಿದೆಲ್ಲ ದಿಕ್ಕಿಗೂ ಅದಕ್ಕೆ ಮುಖ ಮಾಡಿಸಿದೆ.

ನಾನು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಮಾಲಕರೇ ಬಸ್ಸು ಹಿಡಿದು ಬಂದರು. ಮಾಳಿಗೆಯ ಮೇಲಿಂದ ಬಗ್ಗಿ ನೋಡಿದೆ. ಅವರು ಪಡಸಾಲೆಯಲ್ಲಿ ಆರಾಮಾಗಿ ಕೂತು, ತಟ್ಟೆಗೆ ಚಹಾ ಸುರಿದುಕೊಂಡು, ಮನೆಯ ಹೆಂಗಸಿನ ಜೊತೆ ಮಾತಿಗಿಳಿದಿದ್ದರು. ಯಾವ ಊರಿನವರು, ಮಕ್ಕಳೆಷ್ಟು, ಬೀಗರು ಬಂದಿದ್ದರೇನು ಎಂಬಂಥ ಮಾತು. ಬಂದಿದ್ದರಂತೆ. ಬೀಗರ ಕೂಸು ಮನೆ ತುಂಬ ಅಂಬೆಗಾಲಿಟ್ಟು ಓಡಾಡಿತ್ತಂತೆ. ರಿಮೋಟ್ ಕೊಟ್ಟರೆ ಮಾತ್ರ ಅಳು ನಿಲ್ಲಿಸುತ್ತಿತ್ತಂತೆ. ಮಾಲಕರು ಚಹಾ ಮುಗಿಸಿ, ತಟ್ಟೆ ಕೆಳಗಿಟ್ಟು, ರಿಮೋಟ್ ತೆಗೆದುಕೊಂಡು ಒಂದು ಗುಂಡಿ ಒತ್ತಿದರು. ಟಿವಿ ಯಾವ ದಾರಿಯಿಂದ ಚಿತ್ರ ತೆಗೆದುಕೊಳ್ಳಬೇಕು ಎಂದು ಹೇಳುವ ಗುಂಡಿ ಅದು. ಕೂಸು ಅದನ್ನು ಒತ್ತಿ ಖಾಲಿ ದಾರಿಗೆ ಹಚ್ಚಿ ಊರಿಗೆ ಹೋಗಿತ್ತು. ಗುಂಡಿ ಒತ್ತಿದ ಮೇಲೂ ಚಿತ್ರ ಬರಲಿಲ್ಲ, ಏಕೆಂದರೆ ಅಷ್ಟೊತ್ತಿಗೆ ನಾನು ಡಿಶ್ ಕೆಡಿಸಿದ್ದೆ. ಅದನ್ನು ಮತ್ತೆ ಸರಿಮಾಡಿಕೊಂಡು ಇಳಿಯುವಾಗ ನನ್ನ ಅಂಗಿ ಬೆವರಿನಿಂದ ಹಿಂಡುವಂತಾಗಿತ್ತು.

ದಾರಿಯಲ್ಲಿ ಬಸ್ಸಿನಲ್ಲಿ ಮಾಲಕರು ಹೇಳಿದರು, "ಯಾರು ಮುಟ್ಟೀರಿ ಅಂತ ಕೇಳಿದ್ರ ಯಾರೂ ಮುಟ್ಟಿರೂದಿಲ್ಲ. ಪೊಲೀಸರಿಗೆ ಹೇಳಿದಂಗ ಹೇಳ್ತಾರ. ಮನ್ಯಾಗ ಏನು ವಿಶೇಷ ಅಂತ ಕೇಳು. ಕಸಾ ಹೊಡದಿದ್ದು, ಸುಣ್ಣ ಹಚ್ಚಿದ್ದು, ಬೀಗರು ಬಂದಿದ್ದು ಎಲ್ಲಾ ಹೊರಗ ಬರ್ತೈತಿ. ಅದರಾಗ ನಿನ್ನ ಫಾಲ್ಟ್ ಇರ್ತೈತಿ." ಅವರು ಇನ್ನೊಂದು ಮಾತನ್ನೂ ಆಗಾಗ ಹೇಳುತ್ತಿದ್ದರು. "ಚಿತ್ರ ಬಂದ ಮ್ಯಾಲ ಮನಿಮಂದಿ ನಿನ್ನ ಮರತ್ರು ಅಂದ್ರ ಕೆಲಸ ಚಲೋ ಆತು ಅಂತ ತಿಳಿ. ಸುಮ್ನ ಎದ್ದು ಬಾ." ಹೊಗಳಿಕೆಯ ಆಸೆಯಲ್ಲಿ ಬಾಗಿಲಲ್ಲಿ ನಿಲ್ಲುವ ನನ್ನಂಥವನಿಗೆ ಅದು ಕಹಿ ಔಷಧ. ಕಾಲ ಹೋದಂತೆ ರುಚಿ ಹತ್ತಿತು.

ಇದರ ಜೊತೆ ಗಜೇಂದ್ರಗಡದ ಒಂದು ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ನೇಕಾರರ ಮನೆ. ಒಳಗೆ ಪಡಸಾಲೆಯಲ್ಲಿ ವಿದ್ಯುತ್ ಮಗ್ಗ, ಅದೇ ಗೋಡೆಯ ಈಚೆ ಟಿವಿ. "ಚಿತ್ರ ಬರ್ತೈತಿ, ಹೋಗ್ತೈತಿ, ಬರ್ತೈತಿ," ಎಂದು ಕರೆ. ನಾನು ಹೋಗಿ ಕೂತರೆ ಚಿತ್ರ ಬಂಗಾರದಂತೆ ನಿಂತಿರುತ್ತಿತ್ತು. ವೈರು ಬದಲಿಸಿ ಬಂದೆ. ಮರುದಿನ ಮತ್ತೆ ಕರೆ. ಡಿಶ್ಶಿನ ಬಾಕ್ಸ್ ಬದಲಿಸಿದೆ. ಮತ್ತೆ ಕರೆ. ನಾನು ಹೋದಾಗಲೆಲ್ಲ ಟಿವಿ ಸಂಭಾವಿತನಾಗಿ ಕೂತಿರುತ್ತಿತ್ತು. ಮನೆಯವರಿಗೂ ನನಗೂ ಒಬ್ಬರ ಮೇಲೊಬ್ಬರಿಗೆ ಸಂಶಯ ಹುಟ್ಟುವ ಹಂತ ಬಂತು.

ಒಮ್ಮೆ ಬೇರೆ ಕೆಲಸಕ್ಕೆಂದು ಅದೇ ಓಣಿಗೆ ಹೋದವನು, ಹೇಳದೆ ಕೇಳದೆ ಅವರ ಬಾಗಿಲಲ್ಲಿ ನಿಂತೆ. ಮಗ್ಗ ಖಟಖಟ ಹೊಡೆದುಕೊಳ್ಳುತ್ತಿತ್ತು. ಟಿವಿಯ ಚಿತ್ರ ಆ ತಾಳಕ್ಕೆ ಸರಿಯಾಗಿ ಬಂದು ಹೋಗಿ ಮಾಡುತ್ತಿತ್ತು. ನನ್ನನ್ನು ಕಂಡ ಕೂಡಲೇ ಮನೆಯ ಯಜಮಾನ ಎದ್ದು ಮಗ್ಗ ಬಂದ್ ಮಾಡಿ "ಬರ್ರಿ ಬರ್ರಿ, ಕೂಡ್ರಿ" ಎಂದ. ಚಿತ್ರ ಗಟ್ಟಿಯಾಗಿ ನಿಂತುಬಿಟ್ಟಿತು. ಅತಿಥಿ ಬಂದಾಗ ಮಗ್ಗ ನಿಲ್ಲಿಸುವುದು ಆ ಮನೆಯ ಮರ್ಯಾದೆ. ಅವರು ನನಗೆ ಮರ್ಯಾದೆ ಕೊಟ್ಟು ಕೊಟ್ಟು ಫಾಲ್ಟನ್ನು ಮುಚ್ಚಿಟ್ಟಿದ್ದರು! ಮಗ್ಗ ಅದುರಿದಾಗ ಟಿವಿಯ ಹಿಂದಿನ ಪಿನ್ನು ಸಡಿಲಾಗುತ್ತಿತ್ತು, ಅಷ್ಟೇ. ಯಜಮಾನ ತನ್ನ ಮಗ್ಗದ ನೂಲಿನಿಂದಲೇ ಅದನ್ನು ಬಿಗಿಯಾಗಿ ಕಟ್ಟಿಕೊಟ್ಟ. ಅವನಷ್ಟು ಅಂದದ ಗಂಟು ಹಾಕಲು ನನಗೆ ಬರುವುದಿಲ್ಲ.

ಮೆಣಸಗಿಯ ಕಡೆ ಹೊಳೆ ಏರಿದ ವರ್ಷ ನಮಗೆ ಬೇರೆಯೇ ಪಾಠ. ನೀರು ಇಳಿದ ಮೇಲೆ ಜನ ಟಿವಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಅವಸರ ಮಾಡಿ ಕರೆಂಟ್ ಹಚ್ಚಿ ನೋಡಿದವರ ಟಿವಿ ಸುಟ್ಟಿತ್ತು, ಒಣಗಲಿ ಎಂದು ಹಾಗೇ ಬಿಟ್ಟವರದು ಬದುಕಿತ್ತು. ಅಂಗಡಿಯಲ್ಲಿ ಜಾಗ ಸಾಲದೆ ನಾನೂ ಮಾಲಕರೂ ಅಲ್ಲಿಗೇ ಹೋಗಿ ಶಾಲೆಯ ಕಟ್ಟೆಯ ಮೇಲೆ ಕೂತು, ಕೆಸರು ಕೂತ ವೈರಿನ ತುದಿಗಳನ್ನು ಕತ್ತರಿಸಿ ಹೊಸ ಪಿನ್ನು ಹಾಕುತ್ತ ಹೋದೆವು. ಮೊದಲ ಟಿವಿಯಲ್ಲಿ ಚಿತ್ರ ಬಂದಾಗ ಅದರಲ್ಲಿ ಅವರದೇ ಹೊಳೆಯ ಸುದ್ದಿ ಬರುತ್ತಿತ್ತು. ಸುತ್ತ ನಿಂತಿದ್ದ ಹೆಂಗಸೊಬ್ಬಳು, "ಯಣ್ಣಾ, ಆ ನೀರು ನೋಡಿ ನೋಡಿ ಸಾಕಾಗೇತಿ, ಬ್ಯಾರೆ ಏನರ ಹಚ್ಚು," ಎಂದಳು. ಹಚ್ಚಿದೆ. ಯಾವುದೋ ಅಡುಗೆಯ ಕಾರ್ಯಕ್ರಮ, ಬದನೆಕಾಯಿ ಪಲ್ಯ ಮಾಡುತ್ತಿದ್ದರು. ಅಷ್ಟೂ ಜನ ನಿಂತು ಅದನ್ನೇ ನೋಡಿದರು, ನಮ್ಮನ್ನು ಮರೆತರು. ಮಾಲಕರು ನನಗೆ ಕಣ್ಣು ಮಿಟುಕಿಸಿ ಚೀಲ ಹೆಗಲಿಗೆ ಹಾಕಿಕೊಂಡರು.

ಈಗ ಅಸೂಟಿಗೆ ಬರುತ್ತೇನೆ. ಮಾಲಕರು ತೀರಿಕೊಂಡು ಬಹಳ ದಿನಗಳಾಗಿದ್ದವು. ನಾನು ಅಂಗಡಿ ಬಿಡುವ ಹಿಂದಿನ ವರ್ಷ ಇರಬೇಕು.

ಅಸೂಟಿಯ ಗಿರಿಜವ್ವನ ಮನೆಗೆ ಡಿಶ್ ಹಚ್ಚಿಕೊಟ್ಟವನು ನಾನೇ. ಗಂಡ ಲಾರಿ ಓಡಿಸುತ್ತಾನೆ, ಊರಲ್ಲಿ ಇರುವುದು ಕಡಿಮೆ. ಮನೆಯ ಕಾರುಬಾರು ಮಾವ ಬಸವಂತಪ್ಪ ಅಜ್ಜನದು. ಅಜ್ಜ ಕೈಯಲ್ಲಿ ಕೋಲು ಹಿಡಿದು ಕಟ್ಟೆಗೆ ಕೂತರೆ ಓಣಿಯ ನಾಯಿಗಳೂ ಸುತ್ತು ಹಾಕಿ ಹೋಗುತ್ತವೆ. ಡಿಶ್ ಹಚ್ಚಿದ ದಿನ ಗಿರಿಜವ್ವ ನನ್ನ ಬೆನ್ನ ಹಿಂದೆ ನಿಂತು ಒಂದೊಂದನ್ನೂ ಕೇಳಿ ತಿಳಿದುಕೊಂಡಿದ್ದಳು. ಟಿವಿ ಹಳೆಯದು, ದಪ್ಪ ಬೆನ್ನಿನದು. ಅಂಥವಕ್ಕೆ ಬಾಕ್ಸಿನಿಂದ ಬರುವ ವೈರಿನ ತುದಿಯಲ್ಲಿ ಮೂರು ಬಣ್ಣದ ಪಿನ್ನುಗಳಿರುತ್ತವೆ. "ನೋಡು ತಂಗಿ, ಕೆಂಪು, ಬಿಳೀ ಪಿನ್ನಿನ್ಯಾಗ ಮಾತು ಬರ್ತೈತಿ. ಈ ಹಳದಿ ಐತೆಲ್ಲ, ಇದರಾಗ ಚಿತ್ರ ಬರ್ತೈತಿ," ಎಂದು ಹೇಳಿಕೊಟ್ಟಿದ್ದೆ. ಆಕೆ ಹಳದಿ ಪಿನ್ನನ್ನು ಕೈಯಲ್ಲಿ ಹಿಡಿದು, "ಇಷ್ಟು ಸಣ್ಣದರಾಗ ಅಷ್ಟು ಮಂದಿ ಹ್ಯಾಂಗ ಬರ್ತಾರ್ರೀ ಅಣ್ಣಾರ?" ಎಂದು ಬೆರಗಾಗಿದ್ದಳು. 

ಗಿರಿಜವ್ವನ ಮಗಳೇ ರೇಣುಕಾ. ಖೋ-ಖೋ ಆಟದಲ್ಲಿ ಭಾರೀ ಚುರುಕು. ಶಾಲೆಯಿಂದ ತಾಲೂಕು, ಅಲ್ಲಿಂದ ಜಿಲ್ಲೆ ಎಂದು ಏರುತ್ತ ಹೋಗಿ ಕ್ರೀಡಾ ಹಾಸ್ಟೆಲ್ ಸೇರಿದಳು, ಕೊನೆಗೆ ರಾಜ್ಯದ ತಂಡಕ್ಕೇ ಆಯ್ಕೆಯಾದಳು. ಅಜ್ಜನಿಗೆ ಇದು ಸುತರಾಂ ಹಿಡಿಸಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಒಂದು ಒಳ್ಳೆಯ ಕಡೆಯ ಸಂಬಂಧ ಕೇಳಿಕೊಂಡು ಬಂತು. ಅಜ್ಜ ಒಪ್ಪಿದಂತೆಯೇ ಇದ್ದ. ಗಿರಿಜವ್ವ ಮಾವನ ಮುಂದೆ ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಆವತ್ತು ಮಾತ್ರ ಧೈರ್ಯ ಮಾಡಿ, "ಆಕಿ ಆಟ ನೀವು ಒಮ್ಮೆನೂ ನೋಡಿಲ್ರಿ ಮಾವಾರ. ಟಿವ್ಯಾಗ ಬರ್ತೈತಂತ. ಒಮ್ಮಿ ನೋಡಿ ಆ ಮ್ಯಾಲ ಏನರ ಹೇಳ್ರಿ," ಎಂದಿದ್ದಳಂತೆ. ಅಜ್ಜ, "ಆತು, ನೋಡತೇನಿ. ಮರುದಿನ ಬೀಗರಿಗೆ ಮಾತು ಕೊಡತೇನಿ," ಎಂದನಂತೆ. ನೋಡದಿದ್ದರೆ ಯಾವ ಮಾತು ಕೊಡುತ್ತಾನೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಆಟದ ದಿನ ಮಧ್ಯಾಹ್ನ ಗಿರಿಜವ್ವನ ಫೋನು. "ಅಣ್ಣಾರ, ಚಿತ್ರ ಹೋಗೇತ್ರಿ. ಲಗೂನ ಬರ್ರಿ," ಎಂದು ಫೋನ್ ಇಟ್ಟಳು. ಅಂಗಡಿಯನ್ನು ಸಲ್ಮಾಳಿಗೆ ಒಪ್ಪಿಸಿ ಗಾಡಿ ಹತ್ತಿದೆ.

ಓಣಿಯ ತಿರುವಿನಲ್ಲೇ ಕಂಡಿತು. ಪಕ್ಕದ ಮನೆಯವನು ಮಾಳಿಗೆ ಹತ್ತಿ ಡಿಶ್ಶಿಗೆ ಎರಡೂ ಕೈ ಕೊಟ್ಟಿದ್ದ. ಕೆಳಗೆ ಅಜ್ಜ ಕೋಲಿನಿಂದ ದಿಕ್ಕು ತೋರಿಸುತ್ತಿದ್ದ. ನನಗೆ ನರಗುಂದದ ಮಾಳಿಗೆ ನೆನಪಾಯಿತು.

"ಏ ತಮ್ಮಾ, ಕೈ ತಗಿ! ಡಿಶ್ಶಿಗೆ ಕೈ ಹಚ್ಚಬ್ಯಾಡ!" ಎಂದು ಗಾಡಿಯ ಮೇಲಿಂದಲೇ ಚೀರಿದೆ.

"ಬಂದ್ಯೇನು ಇಮಾಮಾ?" ಅಜ್ಜ ಕೋಲು ಇಳಿಸಿದ. "ನೋಡಿಲ್ಲೆ, ನಿನ್ನ ಟಿವಿಗೆ ಬಾಯಿ ಐತಿ, ಮಾರಿ ಇಲ್ಲ. ಮಾತು ಕೇಳತೈತಿ, ಏನೂ ಕಾಣವಲ್ದು."

"ಬಾಯಿ ಐತಿ ಅಂದ್ರ ಡಿಶ್ ಚಲೋ ಐತ್ರಿ ಅಜ್ಜಾರ. ಮಾತು, ಚಿತ್ರ ಎರಡೂ ಒಂದ ಡಿಶ್ಶಿನಿಂದ ಬರ್ತಾವ. ರೋಗ ಒಳಗ ಐತಿ, ನಡೀರಿ."

ಈ ಕೆಲಸಕ್ಕೆ ಬರುವವರು ಇದನ್ನೊಂದು ನೆನಪಿಡಬೇಕು. ಧ್ವನಿ ಬರುತ್ತಿದ್ದರೆ ಮಾಳಿಗೆ ಹತ್ತಬೇಡಿ. ಬಾಕ್ಸಿನಿಂದ ಟಿವಿಗೆ ಬರುವ ಗೇಣುದ್ದದ ವೈರನ್ನು ಬೆರಳಿನಿಂದ ಹಿಡಿದು ಈ ತುದಿಯಿಂದ ಆ ತುದಿಗೆ ಹೋಗಿ.

ಒಳಗೆ ಟಿವಿಯ ಪರದೆ ಕಪ್ಪಗಿತ್ತು. ಅದರ ತಲೆಯ ಮೇಲೆ ಚೆಂಡುಹೂವಿನ ಮಾಲೆ, ಮುಂದೆ ಉರಿದು ಮುಗಿದ ಊದಿನಕಡ್ಡಿಯ ಬೂದಿ. ಆಟ ಇನ್ನೇನು ಶುರುವಾಗುವುದರಲ್ಲಿತ್ತು. ಜನರ ಗದ್ದಲ, ಶಿಳ್ಳೆ, ಹಿಂದಿಯಲ್ಲಿ ಯಾರೋ ಭರಭರ ಮಾತಾಡುವುದು ಎಲ್ಲ ಸ್ವಚ್ಛವಾಗಿ ಕೇಳುತ್ತಿತ್ತು. ಗಿರಿಜವ್ವ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು. 

"ಯಾರು ಮುಟ್ಟೀರಿ ಇದನ್ನ?" ಎಂದು ಅಜ್ಜ ಗುಡುಗಿದ. ಕೇಳಬಾರದ ಪ್ರಶ್ನೆಯನ್ನೇ ಕೇಳಿದ.

"ಏನೂ ಮಾಡಿಲ್ರಿ ಮಾವಾರ," ಎಂದಳು ಗಿರಿಜವ್ವ.

"ಅಜ್ಜಾರ, ಬಾಜೂ ಮನ್ಯಾಗ ಟಿವಿ ಐತೆಲ್ರಿ. ಇದು ಸರಿ ಆಗೂತನಕ ಅಲ್ಲಿ ಹೋಗಿ ನೋಡಿದ್ರ ಹ್ಯಾಂಗ?" ಎಂದೆ.

"ನಮ್ಮ ಮನಿ ಹುಡಿಗಿನ್ನ ನಾ ಮಂದಿ ಮನ್ಯಾಗ ಕುಂತು ನೋಡಲ್ಯಾ?"

"ಹಂಗಾರ ಫೋನಿನ್ಯಾಗ..."

"ಬೊಟ್ಟಿನಷ್ಟು ಮಂದ್ಯಾಗ ನಮ್ಮಕಿ ಯಾರು, ಪರರಕಿ ಯಾರು? ನನ್ನ ಕಣ್ಣಿಗೆ ಕಾಣೂದಿಲ್ಲ. ಇಲ್ಲೇ ಬಂದ್ರ ನೋಡತೇನಿ, ಇಲ್ಲಂದ್ರ ಬಿಡತೇನಿ," ಎಂದು ಅಜ್ಜ ಕುರ್ಚಿ ಎಳೆದುಕೊಂಡು ಕಪ್ಪು ಪರದೆಯ ಎದುರು ಕೂತ.

ನಾನು ಗಿರಿಜವ್ವನ ಕಡೆ ತಿರುಗಿ, "ತಂಗಿ, ಒಂದು ಕಪ್ ಚಾ ಮಾಡ್ತೀಯೇನು?" ಎಂದೆ.

"ಆಟ ಚಾಲೂ ಆಗೂ ಹೊತ್ತಿನ್ಯಾಗ ಚಾ ಬೇಕಾತೇನಲೇ ನಿನಗ?" ಅಜ್ಜನ ಕೋಲು ನೆಲಕ್ಕೆ ಬಡಿಯಿತು.

"ಚಾ ಕುಡೀದ ನನ್ನ ಕೈ ಓಡೂದಿಲ್ರಿ ಅಜ್ಜಾರ. ಹಳೇ ಗಾಡಿ."

ಆಕೆ ಒಳಗೆ ಹೋದಳು. ನಾನು ಟಿವಿಯ ಹಿಂದೆ ಬಗ್ಗಿದೆ. ಹಳದಿ ಪಿನ್ನು ತನ್ನ ಜಾಗದಲ್ಲೇ ಇತ್ತು, ಸಡಿಲಾಗಿರಲಿಲ್ಲ. ಮೂರೂ ವೈರು ಒಳಗೆ ಒಂದೇ ಥರ ಇರುತ್ತವೆ, ಬಣ್ಣ ನಮ್ಮ ಗುರುತಿಗೆ ಮಾತ್ರ. ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸ ಮಾಡುತ್ತದೆ. ಹೀಗಾಗಿ ಹಳದಿಯನ್ನು ತೆಗೆದು ಅದರ ಜಾಗಕ್ಕೆ ಬಿಳಿಯದನ್ನು ಹಾಕಿ ನೋಡಿದೆ, ಬಾಕ್ಸಿನ ಕಡೆಯೂ ಹಾಗೇ ಮಾಡಿದೆ. ಪರದೆ ಒಮ್ಮೆ ಮಿಂಚಿ ಮತ್ತೆ ಕಪ್ಪಾಯಿತು. ಅಂದರೆ ವೈರು ಕೆಟ್ಟಿರಲಿಲ್ಲ, ಟಿವಿಯ ತೂತಿನಲ್ಲೇ ಏನೋ ಕೂತಿತ್ತು. ತೆಗೆದಿಟ್ಟ ಹಳದಿ ಪಿನ್ನನ್ನು ಬೆಳಕಿಗೆ ಹಿಡಿದೆ. ನನ್ನ ಬೆರಳ ತುದಿ ಕೆಂಪಗಾಯಿತು.

ಅಷ್ಟರಲ್ಲಿ ಟಿವಿಯಲ್ಲಿ ಆಟಗಾರರ ಹೆಸರು ಹೇಳತೊಡಗಿದರು. ಒಂದಾದ ಮೇಲೊಂದು ಹೆಸರು, ನಡುವೆ ಒಂದು ಕಡೆ "ರೇಣುಕಾ".

"ಏ, ಸುಮ್ನಿರ್ರಿ!" ಎಂದ ಅಜ್ಜ. ಯಾರೂ ಮಾತಾಡುತ್ತಿರಲಿಲ್ಲ. "ಆಕಿ ಹೆಸರಂದ್ರಲ್ಲ? ರೇಣುಕಾ ಅಂದ್ರಲ್ಲ ಈಗ?"

"ಹೌದ್ರಿ," ಎಂದೆ.

ಅಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆ ಕಪ್ಪು ಪರದೆಯನ್ನೇ ನೋಡುತ್ತ ಕೂತ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಇಷ್ಟು ಕಳವಳವಾದದ್ದು ಇನ್ನೊಮ್ಮೆ ಇಲ್ಲ.

ಗಿರಿಜವ್ವ ಚಹಾ ತಂದು ಬಾಗಿಲಲ್ಲೇ ನಿಂತಳು. ನಾನೇ ಎದ್ದು ಹೋಗಿ ಚಹಾದ ಕಪ್ ತೆಗೆದುಕೊಂಡೆ. ದನಿ ತಗ್ಗಿಸಿ, "ಇವತ್ತು ಮನ್ಯಾಗ ಹಬ್ಬದ ಕಳಾ ಐತೆಲ್ಲ ತಂಗಿ. ಮುಂಜಾನೆದ್ದು ಏನೇನು ಮಾಡಿದಿ?" ಎಂದೆ.

ಆಕೆಯ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದಳು. "ನೀವ ಹೇಳಿದ್ರೆಲ್ರಿ ಅಣ್ಣಾರ, ಹಳದೀ ವೈರಿನ್ಯಾಗ ಚಿತ್ರ ಬರ್ತೈತಿ ಅಂತ. ಇವತ್ತು ಅದರಾಗ ನನ್ನ ಮಗಳು ಬರಾಕಿ. ಆಕಿ ಬರೂ ದಾರಿಗೆ ಅರಿಷಿಣ ಕುಂಕುಮ ಏರಿಸಬೇಕು ಅನಿಸ್ತು. ಪಿನ್ನಿಗೂ ಹಚ್ಚಿದೆ, ತೂತಿಗೂ ಹಚ್ಚಿದೆ. ಹಚ್ಚಿ ಹೆಂಗಿತ್ತೋ ಹಂಗ ಇಟ್ಟೇನ್ರಿ."

 ಮಹಾನವಮಿಯಲ್ಲಿ ಟಿವಿಯ ಮೇಲೆ ವಿಭೂತಿ ಎಳೆಯುವವರನ್ನು ನೋಡಿದ್ದೇನೆ, ಬನ್ನಿ ಎಲೆ ಸಿಕ್ಕಿಸುವವರನ್ನು ನೋಡಿದ್ದೇನೆ. ಆ ವಾರ ನಮಗೆ ಕೈತುಂಬ ಕೆಲಸ ಇರುತ್ತಿತ್ತು, ಅಂಗಡಿಗೆ ಬಂದು ನಗುತ್ತಿದ್ದೆವು. ಆವತ್ತು ನಗು ಬರಲಿಲ್ಲ. ಮಗಳು ಬರುವ ದಾರಿಯನ್ನು ಅರಿಷಿಣ ಕುಂಕುಮದಿಂದ ಸಿಂಗರಿಸಿ, ಆ ಸಿಂಗಾರದಿಂದಲೇ ದಾರಿ ಕಟ್ಟಿದ್ದಳು ಪಾಪ.

"ಅಳಬ್ಯಾಡ. ಹಸೀ ಅರಿಷಿಣ, ಒರಸಿದ್ರ ಹೋಗ್ತೈತಿ. ಈ ಮಾತು ನನ್ನ ನಿನ್ನ ನಡುವ ಇರ್ಲಿ," ಎಂದು ಚಹಾವನ್ನು ಒಂದೇ ಗುಟುಕಿಗೆ ಇಳಿಸಿದೆ. ನಾಲಿಗೆ ಸುಟ್ಟಿತು.

ಬಾಕ್ಸ್, ಟಿವಿ ಎರಡನ್ನೂ ಬಂದ್ ಮಾಡಿ ಪ್ಲಗ್ ಕಿತ್ತೆ. ಮನೆಯಲ್ಲಿ ಒಮ್ಮೆಲೇ ಮೌನವಾಯಿತು. "ಇದ್ದ ಬಾಯೀನೂ ಕಳದ್ಯಲ್ಲೋ," ಎಂದು ಅಜ್ಜ ನರಳಿದ. ಚೀಲದಲ್ಲಿ ಸ್ಪಿರಿಟ್ಟಿನ ಸಣ್ಣ ಬಾಟಲಿ ಇತ್ತು. ಹತ್ತಿ ಇರಲಿಲ್ಲ. ಜೇಬಿನ ಬಿಳಿ ಕರವಸ್ತ್ರದ ತುದಿಯನ್ನು ಕಡ್ಡಿಗೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ತೂತಿನೊಳಗೆ ತಿರುವಿ ತಿರುವಿ ಒರೆಸಿದೆ. ಹಳದಿ ಬಂತು, ಕೆಂಪು ಬಂತು, ಮತ್ತೆ ಕೆಂಪು. ಅವಸರ ಮಾಡಿದರೆ ತೂತಿನ ನಡುವಿನ ಹಿಡಿತ ಬಾಗಿ ಎಲ್ಲ ಕೆಡುತ್ತದೆ ಎಂದು ಕೈಗೆ ಬುದ್ಧಿ ಹೇಳುತ್ತ ಒರೆಸಿದೆ. ಸ್ಪಿರಿಟ್ ಪೂರ್ತಿ ಆರಲೆಂದು ಬಾಯಿಂದ ಊದಿದೆ. ಅಜ್ಜನ ಕೋಲು ನೆಲಕ್ಕೆ ಟಕ್ ಟಕ್ ಎಂದು ಬಡಿಯುತ್ತಲೇ ಇತ್ತು. ಹಳದಿಯನ್ನು ಒರೆಸಿ ಹಳದಿಯ ಜಾಗಕ್ಕೆ, ಬಿಳಿಯದನ್ನು ಬಿಳಿಯದರ ಜಾಗಕ್ಕೆ ಹಾಕಿ ಪ್ಲಗ್ ಚುಚ್ಚಿದೆ.

ಮೊದಲು "ಖೋ!" ಎಂಬ ಕೂಗು ಬಂತು. ಅದರ ಬೆನ್ನಿಗೇ ಹಸಿರು ಮೈದಾನ, ಸಾಲಾಗಿ ಮಂಡಿಯೂರಿ ಕೂತ ಹುಡುಗಿಯರು, ಎರಡು ಕಡೆ ಎರಡು ಕಂಬ.

"ಏನಾಗಿತ್ತೋ?" ಅಜ್ಜ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

"ವೈರ್ ಸಡ್ಲ ಆಗಿತ್ರಿ."

"ನಮ್ಮಕಿ ಎಲ್ಲದಾಳ?"

ಗಿರಿಜವ್ವ ಟಿವಿಯ ಹತ್ತಿರವೇ ಬಂದು ಬೆರಳಿಟ್ಟು ತೋರಿಸಿದಳು. ಸಾಲಿನ ಕೊನೆಯಲ್ಲಿ, ಕಂಬದ ಪಕ್ಕ, ಎರಡು ಜಡೆಗಳನ್ನು ಮೇಲೆತ್ತಿ ಕಟ್ಟಿದ ಹುಡುಗಿ. ಬೆನ್ನಿಗೆ ಯಾರೋ "ಖೋ" ಎಂದರು. ಹುಡುಗಿ ಎದ್ದಳು. ಎದ್ದದ್ದು ಕಾಣಲಿಲ್ಲ, ಓಡುವುದೇ ಕಂಡ ಹಾಗಾಯಿತು. ಎದುರು ತಂಡದವಳು ತಪ್ಪಿಸಿಕೊಂಡು ಕಂಬ ಸುತ್ತಿ ಹೊರಟಿದ್ದಳು. ರೇಣುಕಾ ಒಂದು ಕೈಯಿಂದ ಕಂಬ ಹಿಡಿದು ಮೈಯನ್ನು ಪೂರ್ತಿ ಗಾಳಿಗೆ ಬಿಟ್ಟು ತಿರುಗಿ, ಉದ್ದಕ್ಕೆ ಹಾರಿಬಿದ್ದು ಅವಳ ಕಾಲು ಮುಟ್ಟಿದಳು.

"ಹಿಡಿ!" ಎಂದು ಅಜ್ಜ ಎದ್ದು ನಿಂತ. ಕೋಲು ಎಲ್ಲಿ ಬಿತ್ತೋ ಅವನಿಗೆ ಪರಿವೆಯಿರಲಿಲ್ಲ. "ಹಿಡದಳಲ್ಲೇ! ಗಿರಿಜಾ, ಹಿಡದಳಲ್ಲೇ! ಕೈ ನೆಲಕ್ಕ ಬಡೀತೇನ ಆಕಿದು? ಪೆಟ್ಟಾತೇನ?"

"ಇಲ್ರಿ, ಎದ್ಲು ನೋಡ್ರಿ. ನಗಾಕ ಹತ್ಯಾಳ್ರಿ," ಎಂದಳು ಗಿರಿಜವ್ವ. ಆಕೆ ಮಾವನ ಪಕ್ಕದಲ್ಲೇ ನಿಂತಿದ್ದಳು. ಹಾಗೆ ಆಕೆ ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಬಾಗಿಲಲ್ಲಿ ಓಣಿಯ ಅರ್ಧ ಮಂದಿ ಸೇರಿದ್ದರು. ಯಾರಿಗೂ ನನ್ನ ನೆನಪಿರಲಿಲ್ಲ. ಗೋಡೆಗೆ ಒರಗಿ ಕೂತು ನಾನೂ ಪೂರ್ತಿ ಆಟ ನೋಡಿದೆ. ಶಂಕ್ರಪ್ಪ ಮಾಲಕರು ಇದ್ದಿದ್ದರೆ ಸುಮ್ಮನೆ ಎದ್ದು ಬಾ ಎನ್ನುತ್ತಿದ್ದರು, ನನಗೆ ಏಳಲಾಗಲಿಲ್ಲ.

ಆಟ ಮುಗಿದು ಜಾಹೀರಾತು ಬಂದ ಮೇಲೆ ಚೀಲ ಎತ್ತಿಕೊಂಡು ಬಾಗಿಲ ಹತ್ತಿರ ಹೋದೆ. ಮುಖದ ಬೆವರು ಒರೆಸಿಕೊಳ್ಳಲೆಂದು ಕರವಸ್ತ್ರ ತೆಗೆದೆ.

"ಇಮಾಮಾ," ಎಂದು ಅಜ್ಜನ ದನಿ ಬಂತು. ನೋಡಿದರೆ ಅವನ ಕಣ್ಣು ನನ್ನ ಕರವಸ್ತ್ರದ ಮೇಲೆ. ಬಿಳಿಯ ಬಟ್ಟೆಯ ತುದಿಯಲ್ಲಿ ಅರಿಷಿಣ ಕುಂಕುಮ ಢಾಳಾಗಿ ಕಾಣುತ್ತಿತ್ತು. ಗಡಬಡಿಸಿ ಜೇಬಿಗೆ ತುರುಕಿದೆ. "ವೈರ್ ಸಡ್ಲ ಆಗಿತ್ತು ಅಂದಿ ಹೌದಲ್ಲೋ?"

"ಹೌದ್ರಿ ಅಜ್ಜಾರ. ಬರೇ ಸಡ್ಲ."

ಅಜ್ಜ ಸೊಸೆಯ ಕಡೆ ತಿರುಗಿದ. ಗಿರಿಜವ್ವ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಗಿರಿಜಾ, ಮುಂದಿನ ಆಟದ ದಿವಸ ಪೂಜಿ ಮಾಡೂದಿದ್ರ ಟಿವಿ ಮುಂದಿನ ಬಾಜೂ ಮಾಡವಾ. ಹಿಂದಿನ ಬಾಜೂ ಬ್ಯಾಡ."

ಆಕೆ ತಲೆ ಎತ್ತಿದಳು. 

"ಮುಂದಿನ ಆಟ ಅಂದ್ರ... ನಾಳೆ ಬೀಗರಿಗೆ ಏನಂತ ಹೇಳೂದ್ರಿ ಮಾವಾರ?"

"ಹುಡಿಗಿ ಓಡಾಕ ಹತ್ಯಾಳ ಅಂತ ಹೇಳು. ನಿಂತ ಮ್ಯಾಲ ಬರ್ಲಿ," ಎಂದ ಅಜ್ಜ, ಕೋಲು ಹುಡುಕುತ್ತ.